ಗೇಟಿನ ನಂಬರು

ಕನ್ನಡಿಯ ಮುಂದೆ ನಿಂತ ಮಾಸ್ತರು ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ರೇಜರು ಇಡುವ ಹೊತ್ತಿಗೆ ಹೆಂಡತಿ ಅಡುಗೆಮನೆಯಿಂದ, "ನನ್ನ ತಮ್ಮನನ್ನೂ ಕರೆದಿದ್ದಾರಂತೆ ರೀ. ಹತ್ತು ಗಂಟೆಗೆ ಇಲ್ಲಿಗೇ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಾನಂತೆ" ಎಂದಳು. ರೇಜರು ಅಲ್ಲೇ ನಿಂತಿತು. ಅರ್ಧ ನೊರೆ, ಅರ್ಧ ಚರ್ಮದ ಆ ಮುಖವನ್ನು ಅವರು ಬೇರೆ ಯಾರದೋ ಎಂಬಂತೆ ನೋಡಿದರು. ಅವನನ್ನು ಕರೆಯುತ್ತಾರೆಂದು ಅವರು ಎಣಿಸಿರಲಿಲ್ಲ. ಕೆಲಸದಿಂದ ವಜಾ ಆದ ಗೇಟ್‌ಮನ್‌ನನ್ನು ರೈಲ್ವೆಯವರು ಸಮಾರಂಭಕ್ಕೆ ಕರೆಯುವುದುಂಟೇ? ಆ ಧೈರ್ಯದ ಮೇಲೆಯೇ ತಾನು ಬರುತ್ತೇನೆಂದು ಒಪ್ಪಿಕೊಂಡಿದ್ದರು. ಊರಾಚೆಯ ಲೆವೆಲ್ ಕ್ರಾಸಿಂಗ್ ಗೇಟನ್ನು ತೆಗೆದುಹಾಕುತ್ತೇವೆ, ಹಳಿಯ ಕೆಳಗೆ ರಸ್ತೆ ತಯಾರಾಗಿದೆ, ಹಳೆಯ ನೌಕರರು ಬಂದು ಗೂಡ್ಸ್ ಗಾಡಿಗಳ ಕಾಲದ ನೆನಪು ಹೇಳಬೇಕು, ಎಲ್ಲವನ್ನೂ ಧ್ವನಿಮುದ್ರಿಸಿಕೊಂಡು ಜೋಪಾನ ಮಾಡುತ್ತೇವೆ ಎಂದು ಚಿಕ್ಕ ವಯಸ್ಸಿನ ಅಧಿಕಾರಿಣಿಯೊಬ್ಬಳು ಫೋನಿನಲ್ಲಿ ಕೇಳಿಕೊಂಡಾಗ, ನಿವೃತ್ತ ಸ್ಟೇಷನ್ ಮಾಸ್ತರಿಗೆ ನಿಜಕ್ಕೂ ಸಂತೋಷವಾಗಿತ್ತು. ಬಲಗೆನ್ನೆಯ ಮೇಲೆ ರೇಜರು ಎರಡು ಕಡೆ ಕೊಯ್ಯಿತು.

ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದು ಕುರ್ಚಿಯ ಬೆನ್ನಿಗೆ ಹಾಕಿದಳು. "ಅವನ ಪಕ್ಕದಲ್ಲೇ ಕೂತ್ಕೊಳ್ಳಿ. ಮೈಕ್ ಕೈಗೆ ಸಿಕ್ತು ಅಂತ ಏನೇನೋ ಬಡಬಡಿಸಿ ಮತ್ತೆ ನಗೆಪಾಟಲಾದಾನು. ಮೊದಲೇ ಮರೆಗುಳಿ" ಎಂದಳು. ಮರೆಗುಳಿ ಎಂಬ ಮಾತನ್ನು ಅವಳು ಈಗ ಸಿಟ್ಟಿನಿಂದ ಹೇಳುವುದಿಲ್ಲ. ಕೆಮ್ಮಿನವನನ್ನು ಕೆಮ್ಮಿನವನು ಎಂದಷ್ಟು ಸಹಜವಾಗಿ ಹೇಳುತ್ತಾಳೆ. ಹತ್ತೊಂಬತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಆಗ ಇದೇ ಬಾಗಿಲಲ್ಲಿ ನಿಂತು, "ಎರಡು ಜೀವ ತಿಂದ ಬಾಯಿ ಇದು. ಈ ಹೊಸಿಲು ತುಳೀಬೇಡ" ಎಂದು ಒಡಹುಟ್ಟಿದವನ ಮುಖಕ್ಕೆ ಬಾಗಿಲು ಹಾಕಿದ್ದಳು. ಮೂರು ವರ್ಷ ಕಳೆದ ಮೇಲೆ ಕರುಳು ತಡೆಯದೆ ತಾನೇ ಕರೆದಳು. ಅವನು ಬಂದ. ಆದರೆ ಹೊಸಿಲ ಹೊರಗೇ ನಿಂತ. "ಒಳಗೆ ಬಾರೋ" ಎಂದರೆ "ಇಲ್ಲೇ ಗಾಳಿ ಚೆನ್ನಾಗಿದೆ ಅಕ್ಕ" ಎನ್ನುತ್ತಾನೆ. ಟೀ ಲೋಟವನ್ನು ಹೊರಗಿನ ಮೆಟ್ಟಿಲ ಮೇಲೆ ಕೂತು ಕುಡಿದು, ತೊಳೆದು, ಬಾಗಿಲ ಪಕ್ಕ ಬೋರಲು ಇಟ್ಟು ಹೋಗುತ್ತಾನೆ. ಆ ಲೋಟವನ್ನು ಎತ್ತಿ ಒಳಗಿಡುವ ಕೆಲಸ ಯಾವಾಗಲೂ ಮಾಸ್ತರ ಪಾಲಿಗೇ ಬರುತ್ತದೆ.

ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಮೈದುನ ಬಂದ. ಆಸ್ಪತ್ರೆಯೊಂದರ ಮುಂದೆ ವಾಹನಗಳಿಗೆ ಚೀಟಿ ಕೊಡುವುದು ಅವನ ಈಗಿನ ಕೆಲಸ. ಅಲ್ಲಿಯ ಖಾಕಿ ಅಂಗಿ ಬಿಟ್ಟು ಇವತ್ತು ಚೌಕುಳಿ ಅಂಗಿ ಹಾಕಿದ್ದ. ಮಡಚಿದ ಗೆರೆ ಇನ್ನೂ ಹೋಗಿರಲಿಲ್ಲ. "ಹತ್ತು ಗಂಟೆ ಅಂತಾನೇ ಹೇಳಿದ್ದೆ ತಾನೆ ಅಕ್ಕ ನಾನು?" ಎಂದು ಕೇಳಿದ. "ಹೌದಪ್ಪ, ಹತ್ತು ಅಂತಾನೇ ಹೇಳಿದ್ದೆ" ಎಂದಳು ಅವಳು, ಮಾಸ್ತರತ್ತ ಕಣ್ಣು ಮಿಟುಕಿಸಿ. ಆದರೂ ಅವನು ಎದೆಯ ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದು ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿ, ಒಳಗಿಟ್ಟ. ಅವನ ಬಾಯಿಂದ ಬಂದ ಮುಖ್ಯವಾದ ಮಾತೆಲ್ಲ ಆ ಪುಸ್ತಕದಲ್ಲಿದೆ. ಯಾರಿಗೆ ಏನು ಹೇಳಿದೆ, ಎಷ್ಟು ಗಂಟೆಗೆ ಹೇಳಿದೆ. ಬೀಗ ಹಾಕಿದೆ. ಒಲೆ ಆರಿಸಿದೆ. ಕೆಲವು ಕಡೆ ಪಕ್ಕದಲ್ಲಿ ಬೇರೆಯವರ ಪುಟ್ಟ ಸಹಿಗಳೂ ಇರುತ್ತವೆ. ಆಸ್ಪತ್ರೆಯ ವಾಚ್‌ಮನ್‌ಗಳು ಇದನ್ನಿಟ್ಟುಕೊಂಡು ಅವನನ್ನು ಆಡಿಸುತ್ತಾರಂತೆ; ಬೇಕೆಂದೇ "ನೀನು ನಿನ್ನೆ ನಂಗೆ ಸಿನಿಮಾ ತೋರಿಸ್ತೀನಿ ಅಂದಿದ್ದೆ" ಎನ್ನುತ್ತಾರಂತೆ, ಇವನು ಹೆದರಿ ಪುಸ್ತಕ ತಿರುವುತ್ತಾನಂತೆ. ಅದನ್ನು ಅವನೇ ಒಮ್ಮೆ ನಗುತ್ತಾ ಹೇಳಿದ್ದ. ಆವತ್ತು ಮಾಸ್ತರಿಗೆ ಊಟ ಸೇರಿರಲಿಲ್ಲ.

ಇಬ್ಬರೂ ನಡೆದೇ ಹೊರಟರು. ಮೈದುನ ಮಾಸ್ತರ ಎಡಗಡೆ, ರಸ್ತೆಯ ಕಡೆಗೆ, ಅವರನ್ನು ವಾಹನಗಳಿಂದ ಮರೆಮಾಡಿಕೊಂಡು ನಡೆಯುತ್ತಿದ್ದ. "ಆ ಕಲ್ಲಿನ ಗೂಡ್ಸ್ ಈಗ ಬರೋದೇ ಇಲ್ವಂತೆ ಭಾವ" ಎಂದ. ಆ ಕಲ್ಲಿನ ಗೂಡ್ಸ್. ಹವಾಮಾನದ ಮಾತಾಡುವವನ ಹಾಗೆ ಎಷ್ಟು ಸಲೀಸಾಗಿ ಹೇಳುತ್ತಾನೆ. ಮಾಸ್ತರು ಹ್ಞೂಂಗುಟ್ಟಿದರು. ಆ ಕಾಲದಲ್ಲಿ ಗೂಡ್ಸ್ ಬರುವ ಮುನ್ನ ಸ್ಟೇಷನ್ನಿನಿಂದ ಗೇಟಿಗೆ ಫೋನು ಮಾಡಬೇಕು. ಗೇಟ್‌ಮನ್ ಗೇಟು ಹಾಕಿ, ಬೀಗ ಜಡಿದು, ತನ್ನ ಹತ್ತಿರವಿರುವ ಹಾಳೆಯಿಂದ ಒಂದು ನಂಬರು ಓದಬೇಕು. ಹಾಳೆಯಲ್ಲಿ ನಂಬರುಗಳು ಅಡ್ಡಾದಿಡ್ಡಿಯಾಗಿರುತ್ತವೆ, ಯಾವುದಾದ ಮೇಲೆ ಯಾವುದು ಎಂದು ಅವನೊಬ್ಬನಿಗೇ ಗೊತ್ತು. ಅವನು ಓದಿದ್ದನ್ನು ಮಾಸ್ತರು ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೆಯೇ ಗಾಡಿಗೆ ಸಿಗ್ನಲ್ ಕೊಡಬೇಕು. ನಂಬರು ರಿಜಿಸ್ಟರಿನಲ್ಲಿದೆ ಎಂದರೆ ಗೇಟು ಹಾಕಿದೆ ಎಂದರ್ಥ. ಅದಕ್ಕಿಂತ ದೊಡ್ಡ ಸಾಕ್ಷಿ ಆ ಕೆಲಸದಲ್ಲಿ ಇರಲಿಲ್ಲ. ಆದರೆ ಆ ಹಿಡಿ ತಿರುಗಿಸುವ ಫೋನಿನ ತಂತಿ ಹಳೆಯದು. ಗಾಳಿ ಬೀಸಿದರೆ ಬರೀ ಕರಕರ ಸದ್ದು. ಮೂವತ್ತಾರೋ ನಲವತ್ತಾರೋ, ಕಿರುಚಿ ಕಿರುಚಿ ಇಬ್ಬರ ಗಂಟಲೂ ಹರಿದುಹೋಗುತ್ತಿತ್ತು. ಹಾಗಾಗಿ ಒಂದು ಸಲ ಹೊಸ ಹಾಳೆ ಸ್ಟೇಷನ್ನಿಗೆ ಬಂದಾಗ, ಗೇಟಿಗೆ ಕಳಿಸುವ ಮೊದಲು ಮಾಸ್ತರು ಅದನ್ನು ಒಂದು ಹಳೆಯ ಟೈಮ್‌ಟೇಬಲ್ಲಿನ ಹಿಂದೆ ನಕಲು ಮಾಡಿಕೊಂಡರು. ಸರಿಯಾಗಿ ಕೇಳಿಸದಿದ್ದಾಗ ತಾಳೆ ನೋಡಲು, ಅಷ್ಟೇ. ಮೈದುನನಿಗೂ ಹೇಳಲಿಲ್ಲ, ಹೇಳುವಂಥದ್ದು ಎಂದೂ ಅನಿಸಲಿಲ್ಲ. ಆಮೇಲೆ ಯಾವಾಗ ಅದು ಬೇರೆ ಅಭ್ಯಾಸವಾಯಿತೋ. ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ಆ ದಿನದ ಗೂಡ್ಸ್ ಗಾಡಿಗಳ ಮುಂದೆ ನಂಬರುಗಳನ್ನು ಮೊದಲೇ ಬರೆದಿಟ್ಟುಬಿಡುವುದು. ಗಾಡಿ ಬಂದಾಗ ಫೋನು ಮಾಡಿ, ಅವನು ಓದಿದ್ದಕ್ಕೆ "ಸರಿ" ಎಂದು, ಬರೀ ಗಂಟೆ ನಿಮಿಷ ತುಂಬುವುದು. ಬರವಣಿಗೆ ಎಷ್ಟು ಚೊಕ್ಕಟ! ತಪಾಸಣೆಗೆ ಬಂದವರೆಲ್ಲ ಅವರ ರಿಜಿಸ್ಟರನ್ನು ಬೇರೆ ಸ್ಟೇಷನ್ನಿನವರಿಗೆ ತೋರಿಸಿ, ಇವರನ್ನು ನೋಡಿ ಕಲೀರಿ ಎನ್ನುತ್ತಿದ್ದರು.

"ಭಾವ, ಇಲ್ಲಿ ಗುಂಡಿ" ಎಂದು ಮೈದುನ ಮೊಣಕೈ ಹಿಡಿದ. ಮಾಸ್ತರು ಕೈ ಬಿಡಿಸಿಕೊಂಡರು. ಬಿಡಿಸಿಕೊಂಡದ್ದು ಒರಟಾಯಿತೆಂದು ಅನಿಸಿ, "ಕಾಣಿಸ್ತು" ಎಂದರು. ಹತ್ತೊಂಬತ್ತು ವರ್ಷದ ಹಿಂದಿನ ಆ ದಿನ, ಬೆಳಿಗ್ಗೆ ಹನ್ನೊಂದು ನಲವತ್ತು. ಒಂದು ಕಿವಿಗೆ, ಗಾಡಿಗಳ ಓಡಾಟ ನಿಯಂತ್ರಿಸುವ ಕಂಟ್ರೋಲ್ ಆಫೀಸಿನವನ ಬೈಗುಳ, ಗೂಡ್ಸನ್ನು ಯಾಕೆ ತಡೆದಿದ್ದೀರಿ, ಹಿಂದೆ ಪ್ಯಾಸೆಂಜರ್ ಗಾಡಿ ಕಾಯುತ್ತಿದೆ ಎಂದು. ಮಾತಿಗೆ ಮಾತು ಬೆಳೆದಿತ್ತು. ಫೋನನ್ನು ಕುಕ್ಕಿ ರಿಜಿಸ್ಟರ್ ನೋಡಿದರು. ಕಲ್ಲಿನ ಗೂಡ್ಸಿನ ಮುಂದೆ ಅರವತ್ತಮೂರು ಎಂದು ಅವರದೇ ದುಂಡು ಅಕ್ಷರದಲ್ಲಿತ್ತು. ನಂಬರು ಇದೆ. ಇದೆ ಎಂದರೆ ಗೇಟು ಹಾಕಿದೆ. ಇಪ್ಪತ್ತು ವರ್ಷ ಕಣ್ಣು ಕಲಿತದ್ದು ಅದನ್ನೇ. ಗಂಟೆ ನಿಮಿಷ ತುಂಬಿ, ಎದ್ದು, ಸಿಗ್ನಲ್ ಎಳೆದರು. ಗೇಟಿಗೆ ಫೋನು ಮಾಡಿರಲಿಲ್ಲ.

ಗೇಟಿನ ಬಳಿ ಶಾಮಿಯಾನ ಹಾಕಿದ್ದರು. ಅದರ ಕೆಳಗೆ ಸಾಲಾಗಿ ಮಡಚುವ ಕಬ್ಬಿಣದ ಕುರ್ಚಿಗಳು. ಆವತ್ತು ಗೂಡ್ಸಿಗೆ ಸಿಕ್ಕಿದ್ದು ಬಾಡಿಗೆ ಸಾಮಾನಿನ ವ್ಯಾನು. ಓಡಿಸುತ್ತಿದ್ದವನೂ ಪಕ್ಕದಲ್ಲಿದ್ದ ಅವನ ಅಪ್ಪನೂ ಅಲ್ಲೇ ಹೋಗಿಬಿಟ್ಟರು. ವ್ಯಾನಿನಲ್ಲಿದ್ದ ಇಂಥವೇ ಕುರ್ಚಿಗಳು ಹಳಿಯುದ್ದಕ್ಕೂ ಕಾಲು ಫರ್ಲಾಂಗು ಚೆಲ್ಲಿಕೊಂಡಿದ್ದವು. ಕೆಲವು ಸೊಟ್ಟಗಾಗಿದ್ದವು, ಕೆಲವು ಎಸೆದ ರಭಸಕ್ಕೆ ತಾವಾಗಿಯೇ ಬಿಚ್ಚಿಕೊಂಡು ಯಾರಾದರೂ ಬಂದು ಕೂರಲಿ ಎಂಬಂತೆ ನೆಟ್ಟಗೆ ನಿಂತಿದ್ದವು. ಮೈದುನ ಅದರಲ್ಲೊಂದರ ಪಕ್ಕ ನೆಲದ ಮೇಲೆ ಕೂತು, ಕೈಯಲ್ಲಿ ಬಿಚ್ಚದ ಕೆಂಪು ಬಾವುಟ ಹಿಡಿದುಕೊಂಡು, "ಫೋನ್ ಬರ್ಲಿಲ್ಲ, ಫೋನ್ ಬರ್ಲಿಲ್ಲ" ಎನ್ನುತ್ತಿದ್ದ. ಮಾಸ್ತರು ಅವನ ಬೆನ್ನು ತಟ್ಟಿದರು. ಹೌದು, ತಟ್ಟಿದರು. ತಟ್ಟಿ ಸ್ಟೇಷನ್ನಿಗೆ ಹಿಂತಿರುಗಿ, ದೀಪದ ಕೋಣೆಯ ಸೀಮೆಎಣ್ಣೆ ಸ್ಟೌವಿನ ಮೇಲೆ ಆ ಹಳೆಯ ಟೈಮ್‌ಟೇಬಲ್ಲನ್ನು ಸುಟ್ಟರು. ಅದು ಬೇಗ ಹತ್ತಿಕೊಳ್ಳಲಿಲ್ಲ, ಕಾಗದ ದಪ್ಪವಿತ್ತು.

"ಮಾಸ್ತರೇ, ಇಲ್ಲಿ ಬನ್ನಿ, ನಿಮಗೆ ಜಾಗ ಹಿಡಿದಿದ್ದೀನಿ" ಎಂದು ಮುಂದಿನ ಸಾಲಿನಿಂದ ಹಳೆಯ ಗಾರ್ಡು ಕೂಗಿದರು. ಈಗ ಕೈಯಲ್ಲಿ ಕೋಲು, ಬಾಯಲ್ಲಿ ಎರಡೇ ಹಲ್ಲು, ಆದರೂ ತಮಾಷೆ ಬಿಟ್ಟಿರಲಿಲ್ಲ. ಮೊದಲು ಮೈಕು ಹಿಡಿದವರೂ ಅವರೇ. ಉಪ್ಪಿನ ಗೂಡ್ಸು ಏರಿನಲ್ಲಿ ಎಷ್ಟು ನಿಧಾನ ಹೋಗುತ್ತಿತ್ತೆಂದರೆ, ತಾನು ಕೊನೆಯ ಡಬ್ಬಿಯಿಂದ ಇಳಿದು, ಪೊದೆಯ ಮರೆಗೆ ಹೋಗಿ, ಕೈ ತೊಳೆದು, ಮತ್ತೆ ಅದೇ ಡಬ್ಬಿ ಹತ್ತುತ್ತಿದ್ದೆ ಎಂದರು. "ಒಂದಿನ ಹತ್ತಿ ನೋಡ್ತೀನಿ, ಗಾಡಿ ನಿಂತೇಬಿಟ್ಟಿದೆ. ಡ್ರೈವರೂ ಇಳಿದು ಅದೇ ಪೊದೆ ಹುಡುಕ್ತಿದ್ದ!" ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೈದುನನೂ ನಕ್ಕ, ಬಾಯಿಗೆ ಕೈ ಅಡ್ಡ ಹಿಡಿದು. ಅವನು ಹಾಗೆ ನಗುವುದನ್ನು ಕಂಡು ಮಾಸ್ತರಿಗೆ ಒಂದು ಕ್ಷಣ ಎಲ್ಲ ಹಗುರಾಯಿತು. ಅವನೂ ಒಂದು ಬದುಕು ಬದುಕಿದ್ದಾನೆ, ತಿಂದಿದ್ದಾನೆ, ನಕ್ಕಿದ್ದಾನೆ, ಜೈಲಿಗೆ ಹೋಗದಂತೆ ನಾನು ಬೀಳಬಾರದವರ ಕಾಲಿಗೆಲ್ಲ ಬಿದ್ದಿದ್ದೇನೆ. ಇಷ್ಟು ವರ್ಷ ತಮ್ಮನ್ನು ಹೊತ್ತು ತಂದ ಲೆಕ್ಕಾಚಾರ ಅದು. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆಂದು ಅವರಿಗೆ ಗೊತ್ತಿತ್ತು. ಅದು ಬಂತು: ಇದೇ ಮೈದುನ ಹೋದಲ್ಲೆಲ್ಲ, "ಭಾವ ಇಲ್ಲದಿದ್ರೆ ನಾನು ಒಳಗೇ ಕೊಳೀತಿದ್ದೆ" ಎಂದು ಕೈ ಮುಗಿಯುತ್ತಾನೆ.

ಆಮೇಲೆ ಅಧಿಕಾರಿಣಿ ಮೈದುನನನ್ನು ಕರೆದಳು. ಅವಳಿಗೆ ಸಂಗತಿ ಗೊತ್ತಿದ್ದಂತಿತ್ತು. "ನಿಮಗೆ ಇಷ್ಟವಿದ್ರೆ ಮಾತ್ರ ಹೇಳಿ" ಎಂದು ಮೆಲ್ಲಗೆ ಹೇಳಿದಳು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನು ಈ ಗೇಟಲ್ಲಿ ಹನ್ನೊಂದು ವರ್ಷ ಇದ್ದೆ. ಕೊನೇ ದಿನ ಹೇಳ್ತೀನಿ. ನೀವು ಚಿಕ್ಕೋರು, ನಿಮಗೆ ಉಪಯೋಗ ಆಗ್ಬಹುದು. ಆವತ್ತು ಭಾವ, ಅಂದ್ರೆ ನಮ್ಮ ಮಾಸ್ತರು, ಫೋನ್ ಮಾಡಿದ್ರು. ರಿಸೀವರು ಬಿಸಿಲಿಗೆ ಕಾದಿತ್ತು. ಬಲಗಿವಿ ಚುರುಕ್ ಅಂತು, ಎಡಗಿವಿಗೆ ಇಟ್ಕೊಂಡೆ. ಅರವತ್ಮೂರು ಅಂತ ನಂಬರ್ ಕೊಟ್ಟೆ. ಗೇಟ್ ಹಾಕ್ದೆ ಕೊಟ್ಟೆ. ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆನೋ, ಹಾಕಿದ್ದೀನಿ ಅಂದ್ಕೊಂಡೆನೋ. ಕೊಟ್ಟಿದ್ದೇ ಮರೆತುಹೋಯ್ತು. ಎಷ್ಟು ಮರೆತೆ ಅಂದ್ರೆ, ಫೋನೇ ಬರ್ಲಿಲ್ಲ ಅಂತ ವಾದ ಮಾಡ್ದೆ. ಆಮೇಲೆ ಒಂದೊಂದಾಗಿ ನೆನಪಾಯ್ತು." ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದ. "ಬಾಯಿಂದ ಮಾತು ಹೊರಡೋ ಮೊದಲು ಕೈ ಕೆಲಸ ಮಾಡಿರಬೇಕು. ಅಷ್ಟೇ" ಎಂದು ಮೈಕನ್ನು ಹಿಂತಿರುಗಿಸಿ, ಯಾರೋ ಚಪ್ಪಾಳೆ ತಟ್ಟಿದ್ದಕ್ಕೆ ಮುಜುಗರಪಟ್ಟು ಕೂತ.

ಕಾದ ರಿಸೀವರು, ಎಡಗಿವಿ. ಇದೆಲ್ಲ ಎಲ್ಲಿಂದ ಬಂತು? ವಿಚಾರಣೆಯ ಮೊದಲ ದಿನ ಅವನು "ಫೋನ್ ಬರ್ಲಿಲ್ಲ ಸಾರ್" ಎಂದಿದ್ದ. ಎರಡನೆಯ ದಿನ "ಬರ್ಲಿಲ್ಲ ಅನ್ಸುತ್ತೆ ಸಾರ್" ಎಂದ. ಮೂರನೆಯ ದಿನ ವಿಚಾರಣಾಧಿಕಾರಿ ರಿಜಿಸ್ಟರನ್ನು ಅವನ ಮುಂದೆ ಸರಿಸಿ, ನಿನ್ನ ಹಾಳೆಯ ನಂಬರು ನಿನಗೊಬ್ಬನಿಗೇ ಗೊತ್ತು, ನೀನು ಹೇಳದೆ ಇದು ನಿನ್ನ ಭಾವನಿಗೆ ಕನಸಲ್ಲಿ ಬಂತೇನಯ್ಯಾ ಎಂದು ನಕ್ಕರು. ಹಾಳೆಯಲ್ಲಿ ಅರವತ್ತಮೂರನ್ನು ಅವನು ಹೊಡೆದುಹಾಕಿರಲಿಲ್ಲ, ಆದರೆ ಕೊಟ್ಟ ನಂಬರುಗಳನ್ನೆಲ್ಲ ಸಂಜೆ ಒಟ್ಟಿಗೇ ಹೊಡೆದುಹಾಕುವ ಸೋಮಾರಿತನ ಅವನಿಗಿದ್ದುದು ಎಲ್ಲರಿಗೂ ಗೊತ್ತಿತ್ತು. ಮೈದುನ ಆ ದುಂಡು ಅಕ್ಷರವನ್ನು ಬಹಳ ಹೊತ್ತು ನೋಡಿದ. ತಲೆ ಬಗ್ಗಿಸಿದ. "ಭಾವ ಬರೆದಿದ್ದಾರೆ ಅಂದ್ರೆ ನಾನು ಕೊಟ್ಟಿರ್ಬೇಕು ಸಾರ್" ಎಂದ. ಎದುರಿಗಿದ್ದ ಬೆಂಚಿನಲ್ಲಿ ಕೂತಿದ್ದ ಮಾಸ್ತರಿಗೆ ಆ ಕ್ಷಣ ಎದ್ದು ನಿಲ್ಲಬೇಕೆನಿಸಿತ್ತು. ಎದ್ದೂ ಇದ್ದರು. ನೀರಿನ ಹೂಜಿಯವರೆಗೆ ಹೋಗಿ, ನೀರು ಕುಡಿದು, ವಾಪಸು ಬಂದು ಕೂತರು.

ಅವರ ಸರದಿಯೂ ಬಂತು. ಮೈಕಿನ ಮುಂದೆ ನಿಂತಾಗ ನಾಲಿಗೆಯ ತುದಿಯಲ್ಲಿ ಒಂದೇ ವಾಕ್ಯವಿತ್ತು. ಹೊರಗೆ ಬಂದದ್ದು ಬೇರೆ. ಸಿಮೆಂಟಿನ ಗೂಡ್ಸು ಹೋದ ಮೇಲೆ ಸ್ಟೇಷನ್ನಿನ ಟೇಬಲ್ಲು ಬೆಳ್ಳಗಾಗುತ್ತಿದ್ದುದು, ದನಗಳನ್ನು ತುಂಬಿದ ಡಬ್ಬಿಗಳು ಹಾದಾಗ ಗೇಟಿನಲ್ಲಿ ನಿಂತ ಗಾಡಿಯೆತ್ತುಗಳು ಕತ್ತು ತಿರುಗಿಸುತ್ತಿದ್ದುದು, ಡಬ್ಬಿಗಳನ್ನು ಎಣಿಸುತ್ತಾ ಎಣಿಸುತ್ತಾ ಕಣ್ಣೆಳೆಯುತ್ತಿದ್ದುದು. ಚೆನ್ನಾಗಿಯೇ ಮಾತಾಡಿದರು. ಅಧಿಕಾರಿಣಿ, "ನಿಮ್ಮ ರಿಜಿಸ್ಟರ್ ಈಗಲೂ ನಮ್ಮ ಕಚೇರೀಲಿ ಇದೆ ಸರ್, ಎಂಥ ಅಕ್ಷರ!" ಎಂದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮೈದುನ. ಕೂರಲು ಹೋದಾಗ ಕಬ್ಬಿಣದ ಕುರ್ಚಿ ಕಿರ್ರೆಂದಿತು, ಮಾಸ್ತರು ನಿಂತೇ ಇದ್ದರು. ಹೇಡಿ, ಎಂದು ತಮಗೆ ತಾವೇ ಅಂದುಕೊಂಡರು. ಆ ಪದವನ್ನು ಎಷ್ಟು ಸಲ ಅಂದುಕೊಂಡಿದ್ದರೆಂದರೆ ಈಗ ಅದು ನೋಯಿಸುತ್ತಲೂ ಇರಲಿಲ್ಲ.

ಜನ ಊಟದ ಕಡೆಗೆ ಹೊರಟಾಗ ಮೈದುನ ಗೇಟಿನ ಗುಡಿಸಲ ಕಡೆ ನಡೆದ. ಬಾಗಿಲು ಕಿತ್ತಿದ್ದರು, ಒಳಗೆ ಫೋನಿದ್ದ ಜಾಗದಲ್ಲಿ ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತು ಮಾತ್ರ ಉಳಿದಿತ್ತು. ಆ ಗೋಡೆ ಉತ್ತರದ್ದು. ಮೇಲೆ ತಗ್ಗಿನ ಚಾವಣಿ, ಎದುರಿಗೆ ಬಾಗಿಲಾಗಲಿ ಕಿಟಕಿಯಾಗಲಿ ಇಲ್ಲ. ವರ್ಷದ ಯಾವ ದಿನವೂ ಅಲ್ಲಿಗೆ ಬಿಸಿಲು ಬೀಳುವಂತಿರಲಿಲ್ಲ. ಹಿಂದೆಯೇ ಬಂದ ಮಾಸ್ತರು ಅದನ್ನು ನೋಡಿದರು. ಅವರ ಬಾಯಿಂದ ಮಾತು ತಾನಾಗಿಯೇ ಬಂತು.

"ಇಲ್ಲಿಗೆ ಬಿಸಿಲೇ ಬರಲ್ಲ ಕಣೋ. ರಿಸೀವರ್ ಹೇಗೆ ಕಾಯುತ್ತೆ?"

ಮೈದುನ ಗೋಡೆಯನ್ನು ನೋಡಿದ. "ಕಾದಿತ್ತು ಭಾವ. ನಂಗೆ ಚೆನ್ನಾಗಿ ನೆನಪಿದೆ."

"ಇಲ್ಲ. ನಾನು ಆವತ್ತು ಫೋನೇ ಮಾಡ್ಲಿಲ್ಲ. ನಿನ್ನ ಹಾಳೆ ನಕಲು ಮಾಡಿಟ್ಕೊಂಡಿದ್ದೆ. ನಂಬರು ಬೆಳಿಗ್ಗೆನೇ ಬರೆದಿಟ್ಟಿದ್ದೆ. ನೀನು ಮೊದಲ ದಿನ ಹೇಳಿದ್ದೇ ನಿಜ."

ಅವನು ನಕ್ಕ. ಮುದುಕರನ್ನು ಸಮಾಧಾನ ಮಾಡುವ ನಗೆ. "ನಾನು ಎಲ್ಲರ ಮುಂದೆ ಹೇಳಿದ್ದು ನೋಡಿ ನಿಮಗೆ ಸಂಕಟ ಆಯ್ತು. ಅದಕ್ಕೆ ಹೀಗೆ ಹೇಳ್ತಿದ್ದೀರಿ. ಬೇಡ ಭಾವ. ನನಗೆ ಬೇರೆ ಯಾವ್ದರ ಮೇಲೂ ನಂಬಿಕೆ ಇಲ್ಲ. ಬೀಗ ಹಾಕಿದ್ನೋ ಇಲ್ವೋ, ಉಂಡೆನೋ ಇಲ್ವೋ. ಅದೊಂದು ಮಾತ್ರ ಗಟ್ಟಿಯಾಗಿದೆ. ಎಡಗಿವಿ. ಅರವತ್ಮೂರು. ನೀವು 'ಸರಿ' ಅಂದಿದ್ದು."

ಮಾಸ್ತರು ಏನು ಹೇಳಿದರೂ ಅವನು ತಲೆಯಾಡಿಸುತ್ತಿದ್ದ. ನಕಲು ಹಾಳೆ ಎಲ್ಲಿ ಎಂದು ಕೇಳಿದ, ಸುಟ್ಟೆ ಎಂದರು. ಅಯ್ಯೋ ಪಾಪ ಎಂಬಂತೆ ನೋಡಿದ. ತಾನು ಮಾಡಿದ ತಪ್ಪಿಗೆ ತನ್ನ ಹತ್ತಿರವೇ ಒಂದು ಸಾಕ್ಷಿಯಿಲ್ಲವಲ್ಲ ಎಂದು ಮಾಸ್ತರಿಗೆ ಅಳು ಬಂತು. ಆಗ ಅವರ ಕಣ್ಣು ಅವನ ಎದೆಯ ಜೇಬಿನ ಮೇಲೆ ಬಿತ್ತು. "ನಿನ್ನ ಪುಸ್ತಕ ಕೊಡು" ಎಂದರು. ಅವನು ಕೊಟ್ಟ, ಪೆನ್ನನ್ನೂ ಕೊಟ್ಟ. ಫೋನಿನ ಗುರುತಿದ್ದ ಗೋಡೆಗೆ ಪುಸ್ತಕವನ್ನು ಒತ್ತಿ ಹಿಡಿದು ಅವರು ಬರೆದರು. ಅಕ್ಷರ ಅದೇ ದುಂಡು. ಗೇಟಿಗೆ ಫೋನು ಮಾಡಿಲ್ಲ. ಅರವತ್ತಮೂರು ನಾನೇ ಮೊದಲೇ ಬರೆದದ್ದು. ಗೇಟ್‌ಮನ್ ನಂಬರು ಕೊಟ್ಟಿಲ್ಲ. ಕೆಳಗೆ ಸಹಿ ಹಾಕಿದರು. ಅಭ್ಯಾಸಬಲದಿಂದ ಗಂಟೆ ನಿಮಿಷವನ್ನೂ ಹಾಕಿದರು.

ಮೈದುನ ಅದನ್ನು ಹತ್ತಿರ ಹಿಡಿದು ಓದಿದ, ದೂರ ಹಿಡಿದು ಓದಿದ. ಅವನ ಮುಖದ ನಗೆ ಎಲ್ಲೋ ಹೋಯಿತು. ಮಾಸ್ತರು ಕಾದರು. ಕೆನ್ನೆಗೆ ಹೊಡೆಯಲಿ, ಎದೆಯ ಮೇಲಿನ ಅಂಗಿ ಹಿಡಿದು ಗೋಡೆಗೆ ಅಪ್ಪಳಿಸಲಿ ಎಂದು ನಿಜವಾಗಿಯೂ ಬಯಸಿದರು. ಅವನು ತಲೆ ಬಗ್ಗಿಸಿದ, ಹತ್ತೊಂಬತ್ತು ವರ್ಷದ ಹಿಂದೆ ಬಗ್ಗಿಸಿದಷ್ಟೇ. "ನೀವು ಬರೆದಿದ್ದೀರಿ ಅಂದ್ರೆ ನಾನು ಕೊಟ್ಟಿರಲಿಲ್ಲ" ಎಂದ. ಆಮೇಲೆ ತನ್ನ ಎಡಗಿವಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿಕೊಂಡ. "ಹಾಗಾದ್ರೆ ಇದು ಯಾವಾಗ ಸುಟ್ಟಿದ್ದು?" ಎಂದು ಕೇಳಿದ.

ಊಟ ಮಾಡದೆ ಇಬ್ಬರೂ ಹಿಂತಿರುಗಿದರು. ಹಳಿಯ ಕೆಳಗೆ ಹೊಸ ರಸ್ತೆಯಿದ್ದರೂ ಮೈದುನ ಹಳಿಯ ಮೇಲಿನಿಂದಲೇ ದಾಟಿದ, ಎರಡೂ ಕಡೆ ನೋಡಿ, ಭಾವನ ಮೊಣಕೈ ಹಿಡಿದು. ಈ ಸಲ ಮಾಸ್ತರು ಬಿಡಿಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಒಂದೇ ಒಂದು ಮಾತು ಬಂತು. "ಅಕ್ಕನಿಗೆ ಗೊತ್ತಾ?" ಎಂದ ಅವನು. ಇಲ್ಲ ಎಂದರು.

ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಇಬ್ಬರ ಮುಖ ನೋಡಿದವಳೇ, "ಏನಾಯ್ತು? ಇವನೇನಾದ್ರೂ ಎಡವಟ್ಟು ಮಾಡಿದ್ನಾ?" ಎಂದು ಗಂಡನನ್ನು ಕೇಳಿದಳು. ಮೈದುನ ಯಾವತ್ತಿನ ಹಾಗೆ ಮಾಸ್ತರ ಮುಖ ನೋಡಿದ, ತಾನು ಏನು ಮಾಡಿದೆನೆಂದು ಅವರಿಂದ ತಿಳಿದುಕೊಳ್ಳಲು.

"ಮಾಡಿದ್ದು ಅವನಲ್ಲ" ಎಂದರು ಮಾಸ್ತರು. "ಕೂತ್ಕೋ, ಹೇಳ್ತೀನಿ. ಬಾರೋ, ನೀನೂ ಒಳಗೆ ಬಾ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಮೈದುನ ಒಳಗೆ ಬರಲಿಲ್ಲ. ಹೊಸಿಲ ಹೊರಗೇ ನಿಂತು, ಜೇಬಿನಿಂದ ಪುಸ್ತಕ ತೆಗೆದು ಹೊಸ ಹಾಳೆ ತಿರುವಿದ. ಭಾವ ಹೇಳುವುದನ್ನು ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದ.